ದೊಡ್ಡಗದ್ದವಳ್ಳಿಯ ಗುಡಿ, ಕೆರೆ, ಶಾಸನ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ, ಊರಿನ ಹಿರಿಯರಿಗೆ, ಶಾಲಾ ಶಿಕ್ಷಕರಿಗೆ,

ದೊಡ್ಡಗದ್ದವಳ್ಳಿ ಹಾಸನ ತಾಲ್ಲೂಕಿನ ಒಂದು ಹಳ್ಳಿ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಪಕ್ಕಕ್ಕೆ ಹೊರಳಿ ಒಳಗೆ ಹೋದರೆ ಊರು ಸಿಗುತ್ತದೆ. ಊರು ದಾಟಿದರೆ ತೆಂಗಿನ ಮರಗಳ ನಡುವೆ ಒಂದು ಕಲ್ಲಿನ ಪ್ರಾಕಾರ, ಅದರೊಳಗೆ ಲಕ್ಷ್ಮೀದೇವಿಯ ಗುಡಿ, ಗುಡಿಯ ಬೆನ್ನಿಗೆ ಕೆರೆ. ಬೇಲೂರಿಗೂ ಹಳೇಬೀಡಿಗೂ ಹೋಗುವ ಪ್ರವಾಸಿಗರ ಬಸ್ಸುಗಳಲ್ಲಿ ಬಹುಪಾಲು ಈ ತಿರುವಿನಲ್ಲಿ ನಿಲ್ಲುವುದಿಲ್ಲ. ಆದರೆ ಕಾಲದ ಲೆಕ್ಕದಲ್ಲಿ ಈ ಹಳ್ಳಿಯ ಗುಡಿ ಬೇಲೂರಿನ ಚೆನ್ನಕೇಶವನ ಗುಡಿಗಿಂತ ಹಿರಿಯದು. ಬೇಲೂರಿನಲ್ಲಿ ಪ್ರತಿಷ್ಠೆ ನಡೆದದ್ದು 1117ರಲ್ಲಿ. ದೊಡ್ಡಗದ್ದವಳ್ಳಿಯ ಗುಡಿ ಎದ್ದದ್ದು 1113-14ರ ಸುಮಾರಿಗೆ. ಹೊಯ್ಸಳರ ಶಿಲ್ಪ ತನ್ನದೇ ಹಾದಿ ಹಿಡಿಯುತ್ತಿದ್ದ ಮೊದಲ ದಿನಗಳ ಕೆಲಸ ಹೇಗಿತ್ತು ಎಂದು ನೋಡಬೇಕಾದವರು ಬರಬೇಕಾದದ್ದು ಈ ಊರಿಗೆ.

ಗುಡಿಯನ್ನು ಕಟ್ಟಿಸಿದ್ದು ಅರಸನಲ್ಲ. ಆಳುತ್ತಿದ್ದವನು ವಿಷ್ಣುವರ್ಧನ. ಕಟ್ಟಿಸಿದವರು ಕುಲ್ಲಹಣ ರಾವುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ರಾವುತ ಎಂದರೆ ಕುದುರೆ ಸವಾರ. ವರ್ತಕನೊಬ್ಬನ ಹೆಸರಿನ ಜೊತೆ ಆ ಮಾತು ಸೇರಿಕೊಂಡಿರುವುದು ಅಂದಿನ ವ್ಯಾಪಾರದಲ್ಲಿ ಕುದುರೆಗಿದ್ದ ಬೆಲೆಯನ್ನು ನೆನಪಿಗೆ ತರುತ್ತದೆ. ದಂಪತಿಗಳು ಕೊಲ್ಲಾಪುರದ ಮಹಾಲಕ್ಷ್ಮಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಗುಡಿ ಎತ್ತಿಸಿದರು. ಊರಿಗೂ ಅಭಿನವ ಕೊಲ್ಲಾಪುರ ಎಂಬ ಹೆಸರು ಬಂತು. ಕೆಲಸ ಮಾಡಿದ ಶಿಲ್ಪಿ ಮಲ್ಲೋಜ ಮಣಿಯೋಜ. ಹಣ ಕೊಟ್ಟವನ ಹೆಸರು, ಅವನ ಹೆಂಡತಿಯ ಹೆಸರು, ಉಳಿ ಹಿಡಿದವನ ಹೆಸರು, ಈ ಮೂರೂ ಒಂಬೈನೂರು ವರ್ಷ ಉಳಿದುಬಂದಿರುವ ಹಳ್ಳಿಗಳು ನಾಡಿನಲ್ಲಿ ಬಹಳ ಇಲ್ಲ. ಅದರಲ್ಲೂ ಹೆಂಗಸಿನ ಹೆಸರು ಗಂಡನ ಹೆಸರಿನ ಪಕ್ಕದಲ್ಲಿ ಸಮನಾಗಿ ನಿಂತಿರುವುದು ದೊಡ್ಡಗದ್ದವಳ್ಳಿಯ ಶಾಲೆಯ ಮಕ್ಕಳಿಗೆ ಮೊದಲ ಪಾಠವಾಗಬೇಕಾದ ಸಂಗತಿ.

ಗುಡಿಯ ನಕ್ಷೆ ಅಪರೂಪದ್ದು. ಹೊಯ್ಸಳ ಗುಡಿಗಳಲ್ಲಿ ಒಂದು ಗರ್ಭಗುಡಿಯ ಏಕಕೂಟ, ಎರಡರ ದ್ವಿಕೂಟ, ಮೂರರ ತ್ರಿಕೂಟ ಸಾಮಾನ್ಯ. ದೊಡ್ಡಗದ್ದವಳ್ಳಿಯದು ಚತುಷ್ಕೂಟ, ಅಂದರೆ ನಾಲ್ಕು ಗರ್ಭಗುಡಿಗಳದು. ಲಕ್ಷ್ಮಿ, ಕಾಳಿ, ಭೂತನಾಥಲಿಂಗ ಮೊದಲಾದವರಿಗೆಲ್ಲ ಒಂದೇ ಸೂರು. ಮೂರು ಗರ್ಭಗುಡಿಗಳು ಒಂದು ಚೌಕ ಮಂಟಪಕ್ಕೆ ಬಾಯಿ ತೆರೆದರೆ, ನಾಲ್ಕನೆಯದನ್ನು ಉದ್ದನೆಯ ಮಂಟಪವೊಂದು ಬೆಸೆಯುತ್ತದೆ. ಒಳಗೆ ಹೋಗುವ ದಾರಿ ಈ ಉದ್ದನೆಯ ಮಂಟಪದ ಎರಡು ಪಕ್ಕಗಳಿಂದ. ಹೀಗಾಗಿ ಹೊರಗಿನಿಂದ ಬಂದವನು ನೇರವಾಗಿ ದೇವರ ಎದುರಿಗೆ ನಿಲ್ಲುವುದಿಲ್ಲ. ಮೊದಲು ನಡುವಿಗೆ ಬಂದು, ಆಮೇಲೆ ಯಾವ ಕಡೆ ತಿರುಗಬೇಕೆಂದು ನೋಡುತ್ತಾನೆ. ವೈಷ್ಣವ, ಶೈವ, ಶಾಕ್ತ ಎಂಬ ವಿಂಗಡಣೆ ಇಲ್ಲಿ ಗೋಡೆಯಾಗಿ ಅಡ್ಡ ಬಂದಿಲ್ಲ. ಒಂದು ಮಂಟಪದ ನಾಲ್ಕು ದಿಕ್ಕಾಗಿ ಹಂಚಿಕೊಂಡಿದೆ, ಅಷ್ಟೆ.

ಮೇಲೆ ನೋಡಿದರೆ ಶಿಖರಗಳಲ್ಲೂ ಹೀಗೆಯೇ ಒಂದು ಕಥೆ ಇದೆ. ಮೂರು ಗೋಪುರಗಳು ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಏರುವ ಕದಂಬ ಮಾದರಿಯವು. ಅಲಂಕಾರ ಕಡಿಮೆ, ಕಲ್ಲಿನ ಪದರಗಳು ಸ್ಪಷ್ಟ. ನಾಲ್ಕನೆಯದು ಮಾತ್ರ ಕೆತ್ತನೆ ತುಂಬಿದ ಶಿಖರ. ಪ್ರಾಕಾರದ ಮೂಲೆಗಳಲ್ಲಿ ಪುಟ್ಟ ಪುಟ್ಟ ಗುಡಿಗಳಿವೆ, ಅವಕ್ಕೂ ತಮ್ಮ ತಮ್ಮ ಶಿಖರ. ಹೀಗಾಗಿ ದೂರದಿಂದ ನೋಡಿದವರಿಗೆ ಒಂದು ಗುಡಿಯಲ್ಲ, ಶಿಖರಗಳ ಒಂದು ಗುಂಪು ಕಾಣುತ್ತದೆ. ಬೇಲೂರಿನಲ್ಲಿ ಗುಡಿಯನ್ನು ಎತ್ತಿ ಹಿಡಿದಿರುವ ನಕ್ಷತ್ರಾಕಾರದ ಜಗತಿ ಇಲ್ಲಿಲ್ಲ. ಹಳೇಬೀಡಿನ ಗೋಡೆಯ ಮೇಲೆ ಸಾಲುಗಟ್ಟಿ ಓಡುವ ಆನೆ, ಸಿಂಹ, ಕುದುರೆಗಳ ಪಟ್ಟಿಕೆಗಳೂ ಇಲ್ಲ. ಇದನ್ನು ಕೊರತೆ ಎಂದು ಓದುವುದು ತಪ್ಪು. ಹಳೆಯ ಕದಂಬ, ಚಾಲುಕ್ಯ ರೀತಿಗಳನ್ನು ಬಲ್ಲ ಕೈ ಹೊಸ ಕಲ್ಲಿನಲ್ಲಿ ಹೊಸದನ್ನು ಹುಡುಕುತ್ತಿದ್ದ ಗಳಿಗೆ ಇದು. ನಾಲ್ಕೇ ವರ್ಷಗಳಲ್ಲಿ ಬೇಲೂರಿನಲ್ಲಿ ಅದೇ ಹುಡುಕಾಟ ಬೇರೆ ಮಟ್ಟಕ್ಕೆ ಏರಿತು.

ಆ ಹೊಸ ಕಲ್ಲಿಗೆ ಜನ ಬಳಪದ ಕಲ್ಲು ಎನ್ನುತ್ತಾರೆ. ಭೂವಿಜ್ಞಾನದಲ್ಲಿ ಇದು ಕ್ಲೋರೈಟ್ ಶಿಸ್ಟ್. ಗಣಿಯಿಂದ ತೆಗೆದ ಹೊಸದರಲ್ಲಿ ಮೆದು, ಗಾಳಿ ಬೆಳಕಿಗೆ ಬಿದ್ದು ಕಾಲ ಕಳೆದಂತೆ ಗಟ್ಟಿ. ಚರಕಿಗೆ ಹಾಕಿ ತಿರುಗಿಸಿ ಕಡೆದಂತೆ ನುಣುಪಾದ ಬಳೆ ಬಳೆಯ ಕಂಬಗಳು ಸಾಧ್ಯವಾದದ್ದು ಈ ಕಲ್ಲಿನ ಗುಣದಿಂದ. ದೊಡ್ಡಗದ್ದವಳ್ಳಿಯ ಮಂಟಪದಲ್ಲಿ ಅಂಥ ಕಂಬದ ಮೇಲೆ ಅಂಗೈ ಆನಿಸಿದರೆ ಬಳೆಗಳ ಅಂಚು ಇನ್ನೂ ಕೈಗೆ ತಗಲುತ್ತದೆ. ಆದರೆ ಕಲ್ಲಿನ ಈ ಗುಣವೇ ಅದರ ದೌರ್ಬಲ್ಯವೂ ಹೌದು. ಎಣ್ಣೆ ಹೀರುತ್ತದೆ, ಮಸಿ ಹಿಡಿಯುತ್ತದೆ, ಉಜ್ಜಿದರೆ ಸವೆಯುತ್ತದೆ. ಭಕ್ತಿಯಿಂದ ಸುರಿದ ಎಣ್ಣೆ, ಮೆತ್ತಿದ ಅರಿಶಿನ ಕುಂಕುಮ, ಬರಿಗಲ್ಲಿನ ಮೇಲೆ ಹಚ್ಚಿದ ಕರ್ಪೂರ, ಹಬ್ಬಕ್ಕೆಂದು ಬಳಿದ ಸುಣ್ಣ, ಈಚೆಗೆ ಎನಾಮಲ್ ಬಣ್ಣ, ಇವು ಮಾಡುವ ಹಾನಿ ಕಣ್ಣಿಗೆ ಬೀಳುವ ಹೊತ್ತಿಗೆ ಮೂಗು ತುಟಿಗಳ ಗೆರೆ ಅಳಿಸಿಹೋಗಿರುತ್ತದೆ.

ಗುಡಿಯೊಳಗೆ ಒಂದು ಕಡೆ ಹತ್ತಿರ ನಿಂತು ನೋಡಬೇಕು. ಅದು ಕಾಳಿಯ ಗರ್ಭಗುಡಿಯ ಎದುರು. ಬಾಗಿಲ ಎರಡೂ ಪಕ್ಕದಲ್ಲಿ ಆಳೆತ್ತರದ ಎರಡು ಬೇತಾಳಗಳು. ಪಕ್ಕೆಲುಬುಗಳು ಒಂದೊಂದಾಗಿ ಎಣಿಸುವಷ್ಟು ಎದ್ದು, ಹೊಟ್ಟೆ ಬೆನ್ನಿಗಂಟಿ, ಕೈಕಾಲು ಕಡ್ಡಿಯಾಗಿ, ತೆರೆದ ಬಾಯಿಯಲ್ಲಿ ಹಲ್ಲು. ದ್ವಾರಪಾಲಕರೆಂದರೆ ಕಿರೀಟ, ಹಾರ, ಗದೆ ಎಂದು ಬೇರೆ ಕಡೆ ನೋಡಿ ಬಂದವರಿಗೆ ಇಲ್ಲಿ ಎಲುಬಿನ ಗೂಡುಗಳು ಕಾವಲು ನಿಂತಿರುತ್ತವೆ. ಮಲ್ಲೋಜನ ಕಾಲದ ಉಳಿ ಮಾಂಸವಿಲ್ಲದ ಮೈಯನ್ನು ಎಷ್ಟು ಬಲ್ಲದೆಂಬುದು ಇದರಲ್ಲಿ ತಿಳಿಯುತ್ತದೆ. ಚೆಲುವೆಯರ ಶಿಲ್ಪಕ್ಕೆ ಹೆಸರಾದ ಹೊಯ್ಸಳರ ನಾಡಿನಲ್ಲಿ ಇಂಥ ಭೀಕರವನ್ನೂ ಇಷ್ಟೇ ಶ್ರದ್ಧೆಯಿಂದ ಕಡೆದರೆಂಬುದನ್ನು ಮರೆಯಬಾರದು.

ಬೇತಾಳಗಳು ಕಾಯುತ್ತಿದ್ದ ಕಾಳಿಯ ವಿಗ್ರಹ 2020ರ ನವೆಂಬರಿನಲ್ಲಿ ಒಡೆದು ತುಂಡಾದ ಸ್ಥಿತಿಯಲ್ಲಿ ಕಂಡುಬಂತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕದೊಳಗೆ, ಪ್ರಾಕಾರದ ಒಳಗೆ, ಗರ್ಭಗುಡಿಯಲ್ಲಿ ಇದ್ದ ವಿಗ್ರಹ ಅದು. ಸುದ್ದಿ ಪತ್ರಿಕೆಗಳಲ್ಲಿ ಬಂದು ಜಿಲ್ಲೆಯಾದ್ಯಂತ ಜನ ನೊಂದುಕೊಂಡರು. ಒಂಬೈನೂರು ವರ್ಷ ಮಳೆ, ಯುದ್ಧ, ಬರಗಾಲ ದಾಟಿ ಬಂದದ್ದಕ್ಕೆ ಆ ಗತಿ ಒದಗಿದ್ದು ನಮ್ಮ ಕಣ್ಣೆದುರಿನ ಕಾಲದಲ್ಲಿ. ಇಲಾಖೆಯ ಫಲಕ, ಬೇಲಿ, ಬೀಗ ಇವಿದ್ದರೆ ಸಾಲದು, ಊರಿನ ಕಣ್ಣು ಬೇಕು ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಬೇಡ.

ದೊಡ್ಡಗದ್ದವಳ್ಳಿಯ ಗುಡಿಗೆ ವಿದ್ವತ್ ಲೋಕದ ಗಮನ ಸಿಕ್ಕಿದ್ದು ತೀರ ತಡವಾಗಿಯೇನಲ್ಲ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿ ಬಿ. ಎಲ್. ರೈಸ್ ಅವರು 1886ರಿಂದ 1904ರವರೆಗೆ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯಲ್ಲಿ ಹಾಸನ ಜಿಲ್ಲೆಯ ಶಾಸನಗಳಿಗೇ ಒಂದು ಸಂಪುಟ ಮೀಸಲಾಯಿತು. ಐದನೆಯ ಸಂಪುಟವಾದ ಅದು 1902ರಲ್ಲಿ ಪ್ರಕಟವಾಯಿತು. ಇಡೀ ಮಾಲೆಯಲ್ಲಿ ಸೇರಿದ ಶಾಸನಗಳು 8,869. ರೈಸ್ ಅವರ ನಂತರ ಬಂದ ಆರ್. ನರಸಿಂಹಾಚಾರ್ಯರು 1919ರಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಮೇಲೆಯೇ ಒಂದು ಪ್ರತ್ಯೇಕ ಪುಸ್ತಕ ಬರೆದರು. ಸೋಮನಾಥಪುರ ಮತ್ತು ಬೇಲೂರುಗಳ ಜೊತೆಗೆ ಅವರಿಂದ ಇಂಥ ಪ್ರತ್ಯೇಕ ಪುಸ್ತಕದ ಗೌರವ ಪಡೆದ ಊರು ಈ ಹಳ್ಳಿ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನೂರು ವರ್ಷಗಳ ಹಿಂದೆ ನರಸಿಂಹಾಚಾರ್ಯರು ಕೈಗೆತ್ತಿಕೊಂಡ ಮೂರರಲ್ಲಿ ಎರಡು ಆ ಪಟ್ಟಿಯಲ್ಲಿವೆ. ಮೂರನೆಯದು ಹಳ್ಳಿಯಾಗಿಯೇ ಉಳಿದಿದೆ. ಪಟ್ಟಿಯಲ್ಲಿ ಇಲ್ಲದ ಊರಿಗೆ ಹಣ ಬರುವುದಿಲ್ಲ, ಮಂತ್ರಿಗಳು ಬರುವುದಿಲ್ಲ, ಮಾರ್ಗದರ್ಶಿಗಳೂ ಬರುವುದಿಲ್ಲ. ಅಂಥ ಕಡೆ ಕಾಯುವ ಹೊಣೆ ಪಂಚಾಯಿತಿಯ ಹೆಗಲಿಗೆ ಹೆಚ್ಚಾಗಿಯೇ ಬೀಳುತ್ತದೆ.

ಶಾಸನಗಳ ಮಾತು ಇನ್ನಷ್ಟು ಹೇಳಬೇಕಾದದ್ದು. ಹಾಸನ ಸೀಮೆಯ ಹನ್ನೆರಡು, ಹದಿಮೂರನೆಯ ಶತಮಾನದ ದಾನಶಾಸನವೊಂದನ್ನು ತೆರೆದರೆ ಅರಸನ ಬಿರುದುಗಳ ನಂತರ ಬರುವುದು ಊರಿನ ಬದುಕು. ಕೆರೆಯ ತೂಬಿನ ಕೆಳಗೆ ಇಷ್ಟು ಗದ್ದೆ, ಏರಿಯ ಆಚೆ ಇಷ್ಟು ಬೆದ್ದಲು, ತೋಟ, ಗಾಣ, ಸುಂಕ. ಅಳತೆಗೆ ಸಲಗೆ, ಕೊಳಗ, ಕಂಬ. ಗದ್ದೆಯ ಎಲ್ಲೆಗೆ ಹುತ್ತ, ಮರ, ಹಳ್ಳ, ನೆಟ್ಟ ಕಲ್ಲು. ನಂದಾದೀಪಕ್ಕೆ ಎಣ್ಣೆ ಯಾರು ಕೊಡಬೇಕು, ದೇವರ ಅಮೃತಪಡಿಗೆ ಅಕ್ಕಿ ಎಲ್ಲಿಂದ ಬರಬೇಕು ಎಂಬುದೂ ಕಲ್ಲಿನಲ್ಲೇ ಇರುತ್ತದೆ. ಕೊನೆಗೆ ಶಾಪ. ಈ ದಾನವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಗತಿ. ಇವತ್ತಿನ ಪಹಣಿಯಲ್ಲಿ ಇರುವುದೆಲ್ಲ ಇದರಲ್ಲಿದೆ, ಶಾಪವೊಂದು ಹೆಚ್ಚು. ತಮ್ಮ ಊರಿನ ಕೆರೆ ಎಷ್ಟು ಹಳೆಯದು, ಯಾವ ಹೊಲಕ್ಕೆ ಯಾವ ಹೆಸರಿತ್ತು, ಊರಿನ ಹೆಸರು ಮೊದಲು ಹೇಗಿತ್ತು ಎಂದು ತಿಳಿಯಬೇಕಾದವರಿಗೆ ಈ ಕಲ್ಲುಗಳಿಗಿಂತ ಹಳೆಯ ಕಾಗದವಿಲ್ಲ.

ಅಂಥ ಕಲ್ಲುಗಳ ಇಂದಿನ ಸ್ಥಿತಿ ಹಳ್ಳಿ ತಿರುಗುವವರಿಗೆ ಗೊತ್ತು. ಒಂದು ಕಡೆ ಬಟ್ಟೆ ಒಗೆಯುವ ಕಲ್ಲಾಗಿದೆ. ಇನ್ನೊಂದು ಕಡೆ ಮೋರಿಯ ಮೇಲಿನ ಚಪ್ಪಡಿಯಾಗಿದೆ. ಮತ್ತೊಂದು ಕಡೆ ರಸ್ತೆ ಅಗಲಿಸುವಾಗ ಜೆಸಿಬಿಯ ಹಲ್ಲಿಗೆ ಸಿಕ್ಕಿ ಮಣ್ಣಿನ ರಾಶಿಯಲ್ಲಿ ಸೇರಿದೆ. ದೊಡ್ಡ ಗುಡಿಯೊಳಗಿನ ಶಾಸನಕ್ಕೆ ಇಲಾಖೆಯ ಕಾವಲು ಉಂಟು. ಊರ ಬಾಗಿಲಲ್ಲಿ, ಅರಳಿಕಟ್ಟೆಯ ಬುಡದಲ್ಲಿ, ಹೊಲದ ಬದುವಿನಲ್ಲಿ ನಿಂತ ಕಲ್ಲಿಗೆ ಯಾರೂ ಇಲ್ಲ. ವೀರಗಲ್ಲುಗಳ ವಿಷಯವೂ ಹೀಗೆಯೇ. ಕೆಳಗಿನ ಪಟ್ಟಿಕೆಯಲ್ಲಿ ತುರುಗಳನ್ನು ಬಿಡಿಸಲು ಹೋರಾಡುವ ವೀರ, ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಎದುರು ಕೈಮುಗಿದು ಕುಳಿತ ಅದೇ ವೀರ. ಪಕ್ಕದಲ್ಲೇ ಮಹಾಸತಿಯ ಕಲ್ಲು, ಮೊಣಕೈ ಮಡಿಸಿ ಎತ್ತಿದ ಬಳೆ ತೊಟ್ಟ ಕೈ. ಊರಿನ ದನ ಉಳಿಸಲು ಸತ್ತ ಸಾಮಾನ್ಯ ಮನುಷ್ಯನಿಗೆ ಇಷ್ಟು ಗೌರವದ ಸ್ಮಾರಕ ನೆಟ್ಟ ಹಳ್ಳಿಗಳು ಇವು. ಆ ಮನುಷ್ಯನ ವಂಶದವರು ಇನ್ನೂ ಅದೇ ಊರಿನಲ್ಲಿ ಇರಬಹುದು, ಅವರ ಮನೆಯ ಗೋಡೆಗೇ ಆ ಕಲ್ಲು ಸೇರಿಹೋಗಿರಬಹುದು.

ದೊಡ್ಡಗದ್ದವಳ್ಳಿ ಒಂಟಿಯಲ್ಲ. ಹಾಸನ ತಾಲ್ಲೂಕಿನದೇ ಕೋರವಂಗಲದಲ್ಲಿ ಬೂಚೇಶ್ವರ ಗುಡಿ ಇದೆ. ಬೂಚಿರಾಜ ಎಂಬ ಅಧಿಕಾರಿ ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ 1173ರಲ್ಲಿ ಇದನ್ನು ಕಟ್ಟಿಸಿದ. ಶಿವನ ಎದುರು ಸೂರ್ಯನಾರಾಯಣ ನಿಂತಿರುವುದು ಅದರ ವಿಶೇಷ. ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋದರೆ ಮೊಸಳೆ ಎಂಬ ಊರು. ಅಲ್ಲಿ ನಾಗೇಶ್ವರ ಮತ್ತು ಚೆನ್ನಕೇಶವ ಗುಡಿಗಳು ಅಕ್ಕಪಕ್ಕ, ಅಳತೆಯಲ್ಲೂ ಅಂಗದಲ್ಲೂ ಅವಳಿ. 1200ರ ಸುಮಾರಿನ ಆ ಎರಡು ಗುಡಿಗಳ ನಡುವಿನ ಸಂದಿಯಲ್ಲಿ ನಿಂತವರಿಗೆ ಎಡಕ್ಕೆ ಹರಿ, ಬಲಕ್ಕೆ ಹರ ಒಂದೇ ಕೈಯ ಕೆಲಸವಾಗಿ ಕಾಣುತ್ತಾರೆ.

ಚನ್ನರಾಯಪಟ್ಟಣ ತಾಲ್ಲೂಕು ಎಂದರೆ ಹೊರಗಿನವರಿಗೆ ಶ್ರವಣಬೆಳಗೊಳ. ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದ ಐವತ್ತೆಂಟು ಅಡಿಯ ಗೊಮ್ಮಟನ ನೆರಳು ಅಷ್ಟು ದೊಡ್ಡದು. ಆ ನೆರಳಿನಲ್ಲಿ ಜಿನನಾಥಪುರದ ಶಾಂತಿನಾಥ ಬಸದಿಯಂಥ ಸೊಗಸಾದ ಕಟ್ಟಡವೂ ಕಣ್ಮರೆಯಾಗುತ್ತದೆ. ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿ ಹೊಯ್ಸಳ ಶಿಲ್ಪದ ಕೊನೆಯ ಹಂತದ ಸಿರಿ. ಅರಸ ಸೋಮೇಶ್ವರನ ಕಾಲ ಅದು. ಮೂರು ವರ್ಷದ ನಂತರ ಅಲ್ಲೇ ಸದಾಶಿವನ ಗುಡಿಯೂ ಎದ್ದಿತು. ಲಕ್ಷ್ಮೀನರಸಿಂಹ ಗುಡಿಯ ಹೊರಗೋಡೆಯಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಒಂದು ಪಕ್ಕದ ಕೆಲಸ ಬೈಚೋಜನದು, ಇನ್ನೊಂದು ಪಕ್ಕದ್ದು ಮಲ್ಲಿತಮ್ಮನದು. ಮಲ್ಲಿತಮ್ಮನ ಹೆಸರು ಮುಂದೆ ಸೋಮನಾಥಪುರದಲ್ಲೂ ಮತ್ತೆ ಮತ್ತೆ ಬರುತ್ತದೆ. ಸೋಮನಾಥಪುರ ವಿಶ್ವ ಪರಂಪರೆಯಾದ ಮೇಲೆ ಆ ಕೈ ಅದಕ್ಕೂ ಮೊದಲು ಪಳಗಿದ ನುಗ್ಗೇಹಳ್ಳಿಯ ಹೆಸರು ಶಾಲೆಯ ಪಾಠದಲ್ಲಿ ಸೇರಬೇಕಾದದ್ದು ನ್ಯಾಯ.

ಅರಕಲಗೂಡು ತಾಲ್ಲೂಕಿನ ಆಸ್ತಿ ಕಲ್ಲಿಗಿಂತ ಕೊರಳಿನಲ್ಲಿ ಹೆಚ್ಚು. ಕಾವೇರಿ ತೀರದ ರುದ್ರಪಟ್ಟಣ ಸಂಕೇತಿ ಜನರ ಊರು. ತಮಿಳು ನಾಡಿನ ಕಡೆಯಿಂದ ಶತಮಾನಗಳ ಹಿಂದೆ ಬಂದ ಈ ಸಮುದಾಯ ಮನೆಯೊಳಗೆ ತನ್ನದೇ ಸಂಕೇತಿ ನುಡಿಯನ್ನೂ ಹೊರಗೆ ಕನ್ನಡವನ್ನೂ ಆಡುತ್ತ ಬಂದಿದೆ. ಸಂಕೇತಿಗೆ ಸ್ವಂತ ಲಿಪಿಯಿಲ್ಲ. ಬರೆಯಬೇಕಾದಾಗ ಕನ್ನಡ ಲಿಪಿಯೇ ಆಸರೆ. ಈ ಒಂದು ಹಳ್ಳಿ ಕರ್ನಾಟಕ ಸಂಗೀತಕ್ಕೆ ಕೊಟ್ಟವರ ಸಾಲು ಬೆರಗು ಹುಟ್ಟಿಸುತ್ತದೆ. 1920ರಲ್ಲಿ ಇಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಅವರಿಗೆ 1995ರಲ್ಲಿ ಸಂಗೀತ ಕಲಾನಿಧಿ, 2011ರಲ್ಲಿ ಪದ್ಮಭೂಷಣ ಬಂದವು. 2014ರಲ್ಲಿ ತೀರಿಕೊಳ್ಳುವವರೆಗೂ ಹಾಡು ಬಿಡಲಿಲ್ಲ. ಏಳು ತಂತಿಯ ಪಿಟೀಲು ನುಡಿಸಿ ಹೆಸರಾದ ಆರ್. ಆರ್. ಕೇಶವಮೂರ್ತಿ, ರುದ್ರಪಟ್ಟಣಂ ಸಹೋದರರೆಂದೇ ಪ್ರಸಿದ್ಧರಾದ ಆರ್. ಎನ್. ತ್ಯಾಗರಾಜನ್ ಮತ್ತು ಆರ್. ಎನ್. ತಾರಾನಾಥನ್, ಎಲ್ಲರ ಹೆಸರಿನ ಮೊದಲಕ್ಷರವೂ ಈ ಊರೇ. ಗಾಯಕ ಆರ್. ಕೆ. ಪದ್ಮನಾಭ ಅವರು ಹುಟ್ಟೂರಿಗೆ ಮರಳಿ ತಂಬೂರಿಯ ಆಕಾರದ ಸಪ್ತಸ್ವರ ಧ್ಯಾನಮಂದಿರ ಕಟ್ಟಿಸಿದರು, ವರ್ಷ ವರ್ಷ ಸಂಗೀತೋತ್ಸವ ನಡೆಸುತ್ತ ಬಂದರು. ನಗರಕ್ಕೆ ಹೋಗಿ ದೊಡ್ಡವರಾದ ಮಕ್ಕಳು ಊರಿಗೆ ತಿರುಗಿ ಏನು ಕೊಡಬಹುದು ಎಂಬುದಕ್ಕೆ ನಾಲ್ಕು ತಾಲ್ಲೂಕುಗಳಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಪರಂಪರೆಯ ವಸ್ತುವನ್ನು ಊರಿನಿಂದ ಬೇರ್ಪಡಿಸಿದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆ ಕಂಡಿದೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದಾಗ ಹಿನ್ನೀರಿನಲ್ಲಿ ಹಳ್ಳಿಗಳು ಹೋದವು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಶೆಟ್ಟಿಹಳ್ಳಿಯ ಚರ್ಚು ಅಂದಿನಿಂದ ಮಳೆಗಾಲದಲ್ಲಿ ಮುಳುಗುತ್ತ, ಬೇಸಗೆಯಲ್ಲಿ ಏಳುತ್ತ ನಿಂತಿದೆ. ಅದನ್ನು ನೋಡಲು ಜನ ಬರುತ್ತಾರೆ, ಕ್ಯಾಮೆರಾ ಬರುತ್ತದೆ. ಅಲ್ಲಿ ಪ್ರಾರ್ಥನೆ ಸಲ್ಲಿಸುತ್ತಿದ್ದ ಊರು ಇಲ್ಲ. ದೂರದ ತುರ್ಕಿಯಲ್ಲಿ, ಟೈಗ್ರಿಸ್ ನದಿಯ ದಡದಲ್ಲಿ, ಹಸನ್‌ಕೇಫ್ ಎಂಬ ಸಾವಿರಾರು ವರ್ಷದ ಊರು ಇಲಿಸು ಅಣೆಕಟ್ಟಿನ ನೀರಿನಲ್ಲಿ 2020ರಲ್ಲಿ ಮುಳುಗಿತು. ಹದಿನೈದನೆಯ ಶತಮಾನದ ಝೈನಲ್ ಬೇ ಗೋರಿಯನ್ನು 2017ರಲ್ಲಿ ಇಡಿಯಾಗಿ ಎತ್ತಿ ಚಕ್ರದ ಗಾಡಿಯ ಮೇಲೆ ಎರಡು ಕಿಲೋಮೀಟರ್ ಆಚೆಗೆ ಸಾಗಿಸಿದರು. ಸ್ಮಾರಕ ಉಳಿಯಿತು. ಅದರ ಸುತ್ತಲಿನ ಬೀದಿ, ಬಂಡೆಯ ಗುಹೆಮನೆಗಳು, ನೆರೆಹೊರೆ ಉಳಿಯಲಿಲ್ಲ. ದೊಡ್ಡಗದ್ದವಳ್ಳಿಗೆ ಅಂಥ ಗಂಡಾಂತರವಿಲ್ಲ. ಗುಡಿ ಇದೆ, ಕೆರೆ ಇದೆ, ಊರೂ ಇದೆ. ಮೂರೂ ಒಟ್ಟಿಗೆ ಇರುವುದೇ ಇಲ್ಲಿಯ ಭಾಗ್ಯ.

ಈ ಮೂರರಲ್ಲಿ ಕೆರೆಯನ್ನು ಕುರಿತು ಯಾರೂ ಮಾತಾಡುವುದಿಲ್ಲ. ಗುಡಿ ಕೆರೆಯ ಅಂಚಿನಲ್ಲಿ ನಿಂತಿರುವುದು ಆಕಸ್ಮಿಕವಲ್ಲ. ಹೊಯ್ಸಳರ ಕಾಲದಲ್ಲಿ ಗುಡಿ ಕಟ್ಟಿಸುವುದೂ ಕೆರೆ ಕಟ್ಟಿಸುವುದೂ ಒಂದೇ ಪುಣ್ಯದ ಎರಡು ಕೈ. ಕೆರೆಯ ಕೆಳಗಿನ ಗದ್ದೆಯ ಭತ್ತವೇ ಗುಡಿಯ ನೈವೇದ್ಯ. ಇವತ್ತು ಗುಡಿ ಕೇಂದ್ರ ಸರ್ಕಾರದ ಇಲಾಖೆಗೆ ಸೇರಿದರೆ ಕೆರೆಯ ಹೂಳು, ಜೊಂಡು, ಒತ್ತುವರಿ, ಊರಿನ ಚರಂಡಿ ನೀರು, ಇವುಗಳ ಹೊಣೆ ಬೇರೆ ಬೇರೆ ಕಚೇರಿಗಳಲ್ಲಿ ಹಂಚಿಹೋಗಿದೆ. ಆದರೆ ನೋಡುವವರ ಕಣ್ಣಿಗೆ ಎರಡೂ ಒಂದೇ ಚಿತ್ರ. ಶಿಖರಗಳ ಬಿಂಬ ಬೀಳುವ ನೀರು ಕೊಳೆತು ನಾರಿದರೆ ಶಿಖರಗಳೂ ಬಡವಾಗುತ್ತವೆ. ಹೂಳೆತ್ತುವ, ಏರಿ ಬಲಪಡಿಸುವ ಕೆಲಸವನ್ನು ಉದ್ಯೋಗ ಖಾತರಿ ಯೋಜನೆಯಲ್ಲಿ ಪಂಚಾಯಿತಿಗಳು ಮಾಡಿಸಿದ ಅನುಭವ ಎಲ್ಲ ತಾಲ್ಲೂಕುಗಳಲ್ಲೂ ಇದೆ. ಸ್ಮಾರಕದ ಪಕ್ಕದ ಕೆರೆಯಲ್ಲಿ ಯಂತ್ರ ಇಳಿಸುವ ಮೊದಲು ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆಯಬೇಕೆಂಬುದೊಂದು ಹೆಚ್ಚಿನ ಎಚ್ಚರ. ಹೂಳಿನಲ್ಲಿ ಹಳೆಯ ಕಲ್ಲು, ವಿಗ್ರಹ, ನಾಣ್ಯ ಸಿಗುವುದು ಉಂಟು. ಸಿಕ್ಕದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆಯ ಕಾಲದಿಂದಲೂ ನಿಯಮವಿದೆ.

ಕಾನೂನಿನ ಇನ್ನೊಂದು ಮುಖ ಊರಿನವರಿಗೆ ಕಹಿ. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡ ಇಲ್ಲ. ಎರಡನೆಯದರಲ್ಲಿ ಅನುಮತಿ ಪಡೆದರೆ ಉಂಟು. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಗುಡಿಯ ಸುತ್ತಲೇ ತಲೆಮಾರುಗಳಿಂದ ಬಾಳಿದ ಹಳ್ಳಿಯಲ್ಲಿ 100 ಮೀಟರ್ ಎಂದರೆ ಅರ್ಧ ಊರು. ಮಗನಿಗೆ ಮದುವೆಯಾಯಿತು, ಇನ್ನೊಂದು ಕೋಣೆ ಬೇಕು ಎಂದಾಗ ಈ ನಿಯಮ ಎದುರು ನಿಲ್ಲುತ್ತದೆ. ಆ ಸಂಕಟ ನಿಜವಾದದ್ದು. ಅದನ್ನು ಅಜ್ಞಾನವೆಂದೋ ಒರಟುತನವೆಂದೋ ತಳ್ಳಿಹಾಕುವವರು ಹಳ್ಳಿಯಲ್ಲಿ ಬಾಳಿದವರಲ್ಲ.

ಆದರೆ ಅದೇ ಕಾಯಿದೆಯಲ್ಲಿ ನಿಷೇಧಿತ ಪ್ರದೇಶದ ಹಳೆಯ ಮನೆಯ ದುರಸ್ತಿಗೂ ನವೀಕರಣಕ್ಕೂ ಅನುಮತಿ ಕೇಳುವ ದಾರಿ ಇದೆ. ಹಳ್ಳಿಯಲ್ಲಿ ನಡೆಯುವುದು ಬೇರೆ. ನಿಯಮ ತಿಳಿಯದೆ ಗೋಡೆ ಏಳುತ್ತದೆ, ಚಾವಣಿ ಹಾಕುವ ದಿನ ನೋಟಿಸು ಬರುತ್ತದೆ, ಕೂಡಿಟ್ಟ ಹಣ ಕಲ್ಲು ಸಿಮೆಂಟಿನಲ್ಲಿ ಸಿಕ್ಕಿಬೀಳುತ್ತದೆ, ಸಿಟ್ಟು ಗುಡಿಯ ಮೇಲೆ ತಿರುಗುತ್ತದೆ. ಎರಡು ವೃತ್ತಗಳನ್ನು ಊರಿನ ನಕ್ಷೆಯ ಮೇಲೆ ಗುರುತು ಮಾಡಿ ಪಂಚಾಯಿತಿ ಕಚೇರಿಯ ಗೋಡೆಗೆ ಹಾಕುವುದು, ಮನೆ ಕಟ್ಟುವವರಿಗೆ ಅಡಿಪಾಯಕ್ಕೆ ಮುಂಚೆಯೇ ತಿಳಿಸುವುದು, ಅರ್ಜಿ ಬರೆಯಲು ನೆರವಾಗುವುದು, ಗ್ರಾಮಠಾಣೆಯ ಹೊಸ ನಿವೇಶನಗಳನ್ನು ಆ ವೃತ್ತಗಳ ಆಚೆಗೆ ಗುರುತಿಸುವುದು, ಇಷ್ಟು ಪಂಚಾಯಿತಿಯ ಕೈಯಲ್ಲೇ ಇದೆ. ಇದರಿಂದ ಉಳಿಯುವುದು ಸ್ಮಾರಕ ಮಾತ್ರವಲ್ಲ, ಊರಿನವರಿಗೂ ಗುಡಿಗೂ ನಡುವಿನ ಸಲುಗೆ.

ಇನ್ನು ಯಾವ ಇಲಾಖೆಯ ಪಟ್ಟಿಗೂ ಸೇರದ ಕಲ್ಲುಗಳು. ಪ್ರತಿ ಗ್ರಾಮದಲ್ಲಿ ಒಂದು ದಫ್ತರ ಬೇಕು. ಯಾವ ಕಲ್ಲು, ಎಲ್ಲಿದೆ, ಯಾವ ದಿಕ್ಕಿಗೆ ಮುಖ, ಎಷ್ಟು ಉದ್ದ ಅಗಲ, ಬರಹ ಇದೆಯೇ ಇಲ್ಲವೇ, ಹಗಲು ಬೆಳಕಿನ ಒಂದು ಫೋಟೊ, ಊರಿನವರು ಅದಕ್ಕೆ ಏನೆಂದು ಕರೆಯುತ್ತಾರೆ. ಪ್ರೌಢಶಾಲೆಯ ಮಕ್ಕಳು ಶಿಕ್ಷಕರ ಜೊತೆ ಎರಡು ಶನಿವಾರದಲ್ಲಿ ಮುಗಿಸಬಹುದಾದ ಕೆಲಸ ಇದು. ಅದಾದ ಮೇಲೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟದಲ್ಲಿ ತಮ್ಮ ಊರಿನ ಹೆಸರು ಹುಡುಕಿದರೆ 1902ರಲ್ಲಿ ಇದ್ದು ಈಗ ಇಲ್ಲದ ಕಲ್ಲು ಯಾವುದು, ಆಗ ಕಣ್ಣಿಗೆ ಬೀಳದೆ ಈಗ ಸಿಕ್ಕಿದ್ದು ಯಾವುದು ಎಂದು ತಿಳಿಯುತ್ತದೆ. ಹಲ್ಮಿಡಿಯ ಶಾಸನ ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಂ. ಎಚ್. ಕೃಷ್ಣ ಅವರ ಗಮನಕ್ಕೆ ಬಂದದ್ದು 1936ರಲ್ಲಿ, ರೈಸ್ ಅವರ ಸಂಪುಟ ಬಂದು ಮೂವತ್ತನಾಲ್ಕು ವರ್ಷದ ಮೇಲೆ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದಕ್ಕೇ ಹೀಗಾಯಿತೆಂದರೆ, ಬಿಟ್ಟುಹೋದ ಕಲ್ಲುಗಳು ಇನ್ನೂ ಇವೆಯೆಂದು ನಂಬಿ ಹುಡುಕುವುದು ಅತಿಯಾಸೆಯಲ್ಲ.

ದಫ್ತರದ ಜೊತೆಗೆ ಕೆಲವು ಬೇಡಗಳೂ ಇವೆ. ಅಕ್ಷರ ಎದ್ದು ಕಾಣಲೆಂದು ಶಾಸನಕ್ಕೆ ಬಣ್ಣ ತುಂಬಬಾರದು, ಸೀಮೆಸುಣ್ಣ ಉಜ್ಜಬಾರದು. ವೀರಗಲ್ಲನ್ನು ಅಂದಕ್ಕೆಂದು ಸಿಮೆಂಟಿನಲ್ಲಿ ಹುಗಿಯಬಾರದು. ಕೆಳಗಿನ ಪಟ್ಟಿಕೆಯ ಬರಹ ಅದರೊಳಗೆ ಹೋಗಿಬಿಡುತ್ತದೆ. ಜೀರ್ಣೋದ್ಧಾರವೆಂದು ಹಳೆಯ ಗುಡಿಯ ಗೋಡೆಗೆ ಟೈಲ್ಸ್ ಹಾಕುವ, ಮರಳು ಊದಿ ಕಲ್ಲು ಬೆಳ್ಳಗೆ ಮಾಡುವ ಗುತ್ತಿಗೆಗಳಿಗೆ ಗ್ರಾಮಸಭೆಯಲ್ಲಿ ಒಪ್ಪಿಗೆ ಕೊಡಬಾರದು. ರಸ್ತೆ, ಪೈಪ್‌ಲೈನ್ ಕೆಲಸಕ್ಕೆ ನೆಲ ಅಗೆಯುವ ಮುನ್ನ ಆ ದಾರಿಯಲ್ಲಿರುವ ಕಲ್ಲುಗಳ ಪಟ್ಟಿ ಗುತ್ತಿಗೆದಾರನ ಕೈಯಲ್ಲಿರಬೇಕು. ಕಲ್ಲನ್ನು ಸರಿಸಲೇಬೇಕಾದರೆ ಮೊದಲು ಅದು ಇದ್ದ ಜಾಗ, ದಿಕ್ಕು ದಾಖಲಾಗಬೇಕು. ದಾನಶಾಸನದ ಕಲ್ಲು ಎಷ್ಟೋ ಸಲ ತಾನು ಹೇಳುವ ಗದ್ದೆಯ ಎಲ್ಲೆಯಲ್ಲೇ ನಿಂತಿರುತ್ತದೆ. ಅಲ್ಲಿಂದ ಕಿತ್ತು ಗುಡಿಯ ಅಂಗಳಕ್ಕೆ ತಂದರೆ ಅಕ್ಷರ ಉಳಿಯುತ್ತದೆ, ಅರ್ಥದ ಅರ್ಧ ಹೋಗುತ್ತದೆ.

ಪಂಚಾಯಿತಿ ರಾಜ್ ಕಾಯಿದೆಯಂತೆ ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ಸೇರಬೇಕು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಚರಂಡಿ, ಬೀದಿದೀಪ, ಮನೆ ಹಂಚಿಕೆಗಳ ನಂತರ ಒಂದು ಸಾಲು ಸೇರಲಿ: ಊರಿನ ಹಳೆಯ ಕಲ್ಲುಗಳ ಪಟ್ಟಿ. ದೊಡ್ಡಗದ್ದವಳ್ಳಿಯಲ್ಲಿ ಆ ಪಟ್ಟಿಯ ಮೊದಲ ನಮೂದಾಗಿ ಲಕ್ಷ್ಮೀದೇವಿ ಗುಡಿ ಬರಲಿ, ಅದರ ಮುಂದೆ ಕಟ್ಟಿಸಿದವರ ಅಂಕಣದಲ್ಲಿ ಕುಲ್ಲಹಣ ರಾವುತ, ಸಹಜಾದೇವಿ ಎಂದು ಎರಡೂ ಹೆಸರು ಇರಲಿ, ಕೆಲಸ ಮಾಡಿದವರ ಅಂಕಣದಲ್ಲಿ ಮಲ್ಲೋಜ ಮಣಿಯೋಜ ಎಂದು ಇರಲಿ, ಹೊಣೆ ಎಂಬ ಅಂಕಣದಲ್ಲಿ ಪುರಾತತ್ವ ಇಲಾಖೆಯ ಪಕ್ಕದಲ್ಲೇ ಗ್ರಾಮದ ಹೆಸರೂ ಇರಲಿ. ಎರಡನೆಯ ನಮೂದು ಕೆರೆ.